ಕ್ಯಾಬಿನ್ ಬೇಕಾ, ರೂಮ್ ಸಾಕಾ?

"ಟಿಕೆಟ್ ಸ್ವಲ್ಪ ಮುಂಚೆ ಮಾಡಿಸೋಕಾಗತ್ತೇನಪ್ಪ?"

ಜನವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು. ತುಮಕೂರಿನಿಂದ ಅಟ್ಲಾಂಟಾಗೆ ಅವರು, ಅಮ್ಮ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು. ವಾಪಸ್ ಟಿಕೆಟ್ ಇದ್ದದ್ದು ಏಪ್ರಿಲ್ ಕೊನೆಗೆ. ಅಮ್ಮ ಏನೂ ಹೇಳದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಅದರಲ್ಲೇ ಗೊತ್ತಾಯ್ತು.

ಅವರ ತಪ್ಪೇನೂ ಇರಲಿಲ್ಲ. ನಮ್ಮದು ಮೂರನೇ ಮಹಡಿಯ ಅಪಾರ್ಟ್‌ಮೆಂಟ್. ಹೊರಗೆ ಚಳಿ. ಕಾರಿಲ್ಲದೆ ಹಾಲು ತರೋಕೂ ಆಗಲ್ಲ. ನಾನು, ಹೆಂಡತಿ ಇಬ್ಬರೂ ಬೆಳಗ್ಗೆಯಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಮುಂದೆ. ನಾಲ್ಕು ವರ್ಷದ ಮಗಳು ಡೇಕೇರ್‌ನಲ್ಲಿ. ಅಪ್ಪ ಕಿಟಕಿ ಪಕ್ಕ ಕೂತು ಪಾರ್ಕಿಂಗ್ ಲಾಟಿಗೆ ಬಂದು ಹೋಗೋ ಕಾರುಗಳನ್ನ ನೋಡ್ತಿದ್ದರು.

ಸಮಸ್ಯೆ ಕಂಡ ಕೂಡಲೇ ಅದನ್ನ ಪ್ರಾಜೆಕ್ಟ್ ಮಾಡಿಬಿಡೋದು ನಮ್ಮ ವೃತ್ತಿಯ ಚಟ. ಅವತ್ತೇ ರಾತ್ರಿ ಎಕ್ಸೆಲ್ ಶೀಟ್ ತೆರೆದೆ. ಫೆಬ್ರವರಿಯಲ್ಲಿ ನಾಲ್ಕು ರಾತ್ರಿ, ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್. ನಮ್ಮಲ್ಲಿಂದ ಸುಮಾರು 440 ಮೈಲಿ, ಕಾರಲ್ಲೇ ಹೋಗಬಹುದು. ಅಲ್ಲಿ ಚಳಿಯೂ ಕಡಿಮೆ. ಉಳಿದ ಪ್ರಶ್ನೆ ಒಂದೇ: ಐದು ಜನ ಎಲ್ಲಿ ಉಳ್ಕೊಳ್ಳೋದು?

ಶೀಟಿನಲ್ಲಿ ಮೂರು ಸಾಲು ಬಂತು. ಮೊದಲನೆಯದು, ಡಿಸ್ನಿಯ ಕಡಿಮೆ ದರದ 'ವ್ಯಾಲ್ಯೂ' ಹೋಟೆಲ್. ಒಂದು ರೂಮಿಗೆ ನಾಲ್ಕೇ ಜನ, ಹಾಗಾಗಿ ನಮಗೆ ಎರಡು ರೂಮ್ ಬೇಕು. ಎರಡನೆಯದು, ಹೊರಗೆ ಕಿಸಿಮ್ಮಿಯಲ್ಲಿ ಬಾಡಿಗೆಗೆ ಸಿಗೋ ಇಡೀ ಮನೆ. ಮೂರು ಬೆಡ್‌ರೂಮ್, ದೊಡ್ಡ ಅಡುಗೆಮನೆ, ಹಿತ್ತಲಲ್ಲಿ ಈಜುಕೊಳ. ದುಡ್ಡೂ ಎಲ್ಲಕ್ಕಿಂತ ಕಡಿಮೆ. ಮೂರನೆಯದು, ಡಿಸ್ನಿಯ ಆವರಣದೊಳಗೇ ಇರುವ ಫೋರ್ಟ್ ವೈಲ್ಡರ್‌ನೆಸ್ ಅನ್ನೋ ಕ್ಯಾಂಪ್‌ಗ್ರೌಂಡಿನ ಕ್ಯಾಬಿನ್.

ಫೋರ್ಟ್ ವೈಲ್ಡರ್‌ನೆಸ್ ಬಗ್ಗೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಡಿಸ್ನಿ ವರ್ಲ್ಡ್ ಶುರುವಾಗಿದ್ದು 1971ರ ಅಕ್ಟೋಬರ್ 1ಕ್ಕೆ. ಈ ಕ್ಯಾಂಪ್‌ಗ್ರೌಂಡ್ ತೆರೆದದ್ದು ಅದೇ ವರ್ಷ ನವೆಂಬರ್ 19ಕ್ಕೆ. ಸುಮಾರು 750 ಎಕರೆ ಕಾಡು, ಪಕ್ಕದಲ್ಲಿ ಬೇ ಲೇಕ್ ಅನ್ನೋ ಕೆರೆ. ಕೆಲವರು ಟೆಂಟ್ ಹಾಕ್ತಾರೆ, ಕೆಲವರು ಬಸ್ಸಿನಷ್ಟು ಉದ್ದದ ಆರ್‌ವಿ ತಂದು ನಿಲ್ಲಿಸ್ತಾರೆ. ಅದ್ಯಾವುದೂ ಇಲ್ಲದವರಿಗೆ ಕ್ಯಾಬಿನ್. ಹಳೇ ಕ್ಯಾಬಿನ್‌ಗಳನ್ನ ತೆಗೆದು ಹೊಸದು ಕೂರಿಸಿದ್ದಾರೆ, 2024ರ ಜುಲೈ 1ರಿಂದ ಅವುಗಳಿಗೆ ಜನ ಬರೋಕೆ ಶುರುವಾದರು. ಒಂದರಲ್ಲಿ ಆರು ಜನ ಮಲಗಬಹುದು: ಒಂದು ಬೆಡ್‌ರೂಮಿನಲ್ಲಿ ದೊಡ್ಡ ಮಂಚ ಮತ್ತು ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ, ಹಾಲ್‌ನಲ್ಲಿ ಗೋಡೆಯಿಂದ ಕೆಳಗೆ ಎಳೆಯೋ ಇನ್ನೊಂದು ಮಂಚ. ಅಡುಗೆಮನೆ ಪೂರ್ತಿ ಇದೆ: ಒಲೆ, ಫ್ರಿಜ್, ಪಾತ್ರೆ, ಡಿಶ್‌ವಾಷರ್. ಆದರೆ ಬಾತ್‌ರೂಮ್ ಒಂದೇ.

ನನ್ನ ಲೆಕ್ಕದಲ್ಲಿ ಕಿಸಿಮ್ಮಿ ಮನೆಯೇ ಗೆದ್ದಿತ್ತು. ಕ್ಯಾಬಿನ್‌ಗೆ ಕೊನೆಯ ಸ್ಥಾನ. ದರ ಜಾಸ್ತಿ ಅನ್ನೋದು ಒಂದು ಕಾರಣ. ಇನ್ನೊಂದು, ಓಡಾಟ. ಕಾರನ್ನ ನಿಮ್ಮ ಕ್ಯಾಬಿನ್ ಮುಂದೆ ನಿಲ್ಲಿಸಬಹುದು, ಆದರೆ ಕ್ಯಾಂಪಿನ ಒಳಗೆ ಅದರಲ್ಲೇ ದೋಣಿಕಟ್ಟೆವರೆಗೆ ಹೋಗಿ ಅಲ್ಲಿ ನಿಲ್ಲಿಸೋ ಹಾಗಿಲ್ಲ. ಒಳಗೆ ಓಡಾಡೋ ಬಸ್ ಹಿಡಿಬೇಕು, ಅಲ್ಲಿಂದ ದೋಣಿಯಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ. ಬೇರೆ ಪಾರ್ಕ್‌ಗಳಿಗಾದರೆ ಗೇಟ್ ಹತ್ತಿರದ ಬಸ್ ನಿಲ್ದಾಣಕ್ಕೆ ಬಂದು ಇನ್ನೊಂದು ಬಸ್. ಗಾಲ್ಫ್ ಗಾಡಿ ಬಾಡಿಗೆಗೆ ಸಿಗತ್ತೆ, ಆದರೆ ಅದರಲ್ಲಿ ನಾಲ್ಕೇ ಸೀಟು. ನಾವು ಐದು ಜನ.

ಹೆಂಡತಿಗೆ ಶೀಟ್ ತೋರಿಸಿದೆ. ಅವಳು ಟೆಸ್ಟಿಂಗ್ ಲೀಡ್, ಬೇರೆಯವರು ಬಿಟ್ಟ ಜಾಗಕ್ಕೇ ಅವಳ ಕಣ್ಣು ಹೋಗೋದು.

"ಕಿಸಿಮ್ಮಿ ಮನೇಲೂ ಮಾವ ಕಿಟಕಿ ಪಕ್ಕಾನೇ ಕೂರ್ತಾರಲ್ವಾ?" ಅಂದಳು. "ನಾವು ಜೊತೆಗಿಲ್ಲದಾಗ ಅವರಿಬ್ಬರೇ ಬಾಗಿಲು ತೆಗೆದು ಎಲ್ಲಾದ್ರೂ ಹೋಗಿ ಬರೋಕಾಗತ್ತಾ? ಅದಕ್ಕೆ ಕಾಲಂ ಎಲ್ಲಿ?"

ಅದಕ್ಕೆ ಕಾಲಂ ಇರಲಿಲ್ಲ. ಹಾಕಿದೆ. ಕಿಸಿಮ್ಮಿ ಮನೆಗೆ 'ಇಲ್ಲ': ಸುತ್ತ ಅದೇ ಥರದ ಮನೆಗಳು, ಹೊರಗೆ ಹೆದ್ದಾರಿ. ವ್ಯಾಲ್ಯೂ ಹೋಟೆಲ್‌ಗೆ 'ಸ್ವಲ್ಪ': ಕಾರಿಡಾರ್, ಈಜುಕೊಳ, ಗಲಾಟೆಯ ಫುಡ್ ಕೋರ್ಟ್. ಕ್ಯಾಬಿನ್‌ಗೆ ಮಾತ್ರ 'ಹೌದು'. ನಡೆಯೋಕೆ ದಾರಿ ಇದೆ. ದುಡ್ಡು ಕೊಡದೆ ಹತ್ತಬಹುದಾದ ಬಸ್ ಇದೆ. ಕೆರೆ ದಂಡೆ ಇದೆ, ಅಂಗಡಿ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಗಾಡಿ ಎಳೆಯೋ ಕುದುರೆಗಳ ಲಾಯ ಇದೆ, ಅದನ್ನ ನೋಡೋಕೂ ಟಿಕೆಟ್ ಇಲ್ಲ.

ಇನ್ನೊಂದು ಲೆಕ್ಕವೂ ಬದಲಾಯ್ತು. ಐವರಿಗೂ ನಾಲ್ಕು ದಿನದ ಪಾರ್ಕ್ ಟಿಕೆಟ್ ಅಂದ್ಕೊಂಡಿದ್ದೆ. ಅಪ್ಪನ ಮಂಡಿ ನಾಲ್ಕು ದಿನ ತಡೆಯಲ್ಲ ಅನ್ನೋದು ನನಗೂ ಗೊತ್ತಿತ್ತು, ಶೀಟಿಗೆ ಗೊತ್ತಿರಲಿಲ್ಲ. ಅವರಿಬ್ಬರಿಗೆ ಒಂದೇ ದಿನದ ಟಿಕೆಟ್ ಸಾಕು ಅಂತ ಮಾಡಿದ ಮೇಲೆ ಕ್ಯಾಬಿನ್‌ನ ಹೆಚ್ಚುವರಿ ದುಡ್ಡಲ್ಲಿ ಒಂದಷ್ಟು ಅಲ್ಲೇ ಹೊಂದಿಕೊಂಡಿತು. ಟಿಕೆಟ್ ದಿನ ಹೆಚ್ಚಾದಷ್ಟೂ ದಿನದ ದರ ಇಳಿಯತ್ತೆ, ಹಾಗಾಗಿ ಉಳಿತಾಯ ನಾವಂದುಕೊಂಡಷ್ಟು ಇರಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಬುಕ್ ಮಾಡಿದೆ.

ಹೊರಟ ದಿನ ಡಿಕ್ಕಿಯಲ್ಲಿ ಸೂಟ್‌ಕೇಸಿಗಿಂತ ಅಡುಗೆ ಸಾಮಾನೇ ಜಾಸ್ತಿ. ಕುಕ್ಕರ್, ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ. ಅಮ್ಮನಿಗೆ ಒಂದೇ ಚಿಂತೆ, ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಹೊಡ್ಕೊಂಡುಬಿಟ್ಟರೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆ ಹಾಗಾಗಿ ಅವರು ಹೆದರಿಬಿಟ್ಟಿದ್ದರು. ನಾಲ್ಕೂ ದಿನ ಬಾಗಿಲು ತೆಗೆದಿಟ್ಟು, ಸಣ್ಣ ಉರಿಯಲ್ಲಿ ಸಾಸಿವೆ ಸಿಡಿಸಿದರು. ಅಲಾರಂ ಹೊಡೀಲಿಲ್ಲ.

ಮೊದಲ ಸಂಜೆ ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಮುಂದಿನ ರಸ್ತೆಯಲ್ಲಿ ಜನ ನಾಯಿ ಹಿಡ್ಕೊಂಡು ಹೋಗ್ತಿದ್ದರು, ಮಕ್ಕಳು ಸೈಕಲ್ ತುಳೀತಿದ್ದರು. ಗಾಲ್ಫ್ ಗಾಡಿಗಳಿಗೆ ಸೀರಿಯಲ್ ಸೆಟ್ ಕಟ್ಟಿಕೊಂಡು ಸುತ್ತೋ ಕುಟುಂಬಗಳು. ಹೋಗೋರೆಲ್ಲ ಕೈಯೆತ್ತಿ 'ಹಲೋ' ಅಂತಿದ್ದರು. ಅಪ್ಪನೂ ಕೈ ಎತ್ತೋಕೆ ಶುರು ಮಾಡಿದರು.

"ಇದು ನಮ್ಮ ಸಿದ್ಧಗಂಗೆ ದನಗಳ ಜಾತ್ರೆ ಥರಾನೇ ಇದೆ ಕಣೇ," ಅಂತ ಅಮ್ಮನಿಗೆ ಕೂಗಿ ಹೇಳಿದರು. "ಮರದ ಕೆಳಗೆ ಗಾಡಿ ಬಿಟ್ಕೊಂಡು, ಅಲ್ಲೇ ಒಲೆ ಹಚ್ಕೊಂಡು ಇರ್ತಿದ್ವಲ್ಲ, ಹಾಗೆ. ಎತ್ತು ಇಲ್ಲ ಅಷ್ಟೆ."

ಎರಡನೇ ದಿನ ಐವರೂ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೊರಟೆವು. ಡಿಸ್ನಿಯೊಳಗೆ ಉಳಿದವರಿಗೆ ಪಾರ್ಕಿನ ಬಾಗಿಲು ಅರ್ಧ ಗಂಟೆ ಮುಂಚೆ ತೆಗೀತಾರೆ. ಆ ಅರ್ಧ ಗಂಟೆ ನಮಗೆ ಸಿಗಲೇ ಇಲ್ಲ. ಒಂದೇ ಬಾತ್‌ರೂಮ್, ಐದು ಜನ, ಅದರಲ್ಲಿ ಸ್ನಾನ ಮಾಡಿ ದೇವರಿಗೆ ಕೈ ಮುಗಿಯದೆ ಹೊರಡದವರು ಇಬ್ಬರು! ಆಮೇಲೆ ಒಳಗಿನ ಬಸ್, ಅದಾದ ಮೇಲೆ ದೋಣಿ. ನನಗೆ ಗಡಿಯಾರ ನೋಡೋದೇ ಕೆಲಸವಾಯ್ತು.

ದೋಣಿ ಹತ್ತಿದ ಮೇಲೆ ಅಪ್ಪ ಎದ್ದು ನಿಂತರು. ಬೇ ಲೇಕ್ ದಾಟಿ ಇನ್ನೊಂದು ಕೆರೆಗೆ ಹೋಗುವಾಗ ದೋಣಿ ಒಂದು ಸೇತುವೆಯ ಮೇಲೆ ಹೋಗತ್ತೆ. ಹೌದು, ನೀರೇ ಸೇತುವೆಯ ಮೇಲಿದೆ, ರಸ್ತೆ ಅದರ ಕೆಳಗೆ. ನಾವು ದೋಣಿಯಲ್ಲಿ, ನಮ್ಮ ಕೆಳಗೆ ಕಾರುಗಳು.

"ಅಕ್ವಡಕ್ಟ್!" ಅಂದರು ಅಪ್ಪ. ನೀರಾವರಿ ಇಲಾಖೆಯಲ್ಲಿ ಹೇಮಾವತಿ ನಾಲೆ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡವರು. "ನಾವೂ ಹಳ್ಳದ ಮೇಲೆ ನಾಲೆ ದಾಟಿಸಿದೀವಿ. ಅದರಲ್ಲಿ ದೋಣಿ ಬಿಡಲಿಲ್ಲ ಅಷ್ಟೆ."

ನಾನು ಓದಿಕೊಂಡಿದ್ದನ್ನ ಹೇಳಿದೆ. ಬೇ ಲೇಕ್ ಮೊದಲಿಂದ ಇದ್ದ ಕೆರೆ. ಅದರ ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಮತ್ತೆ ತುಂಬಿಸಿದರು. ಎರಡನೆಯದು, ಸೆವೆನ್ ಸೀಸ್ ಲಗೂನ್, ಪೂರ್ತಿ ತೋಡಿದ್ದು. ಆ ಮಣ್ಣು ಹೋಗಿದ್ದು ಮ್ಯಾಜಿಕ್ ಕಿಂಗ್‌ಡಮ್‌ನ ನೆಲ ಎತ್ತರಿಸೋಕೆ. ಜನ ನಡೆಯೋ ಬೀದಿಗಳು ನಿಜವಾಗಿ ಮೇಲಂತಸ್ತು, ಕೆಳಗೆ ಕೆಲಸಗಾರರು ಓಡಾಡೋ ಸುರಂಗಗಳಿವೆ. ಈ ಜೌಗು ನೆಲದ ಕಾಲುವೆಗಳ ಕೆಲಸ ನೋಡಿಕೊಂಡವರು ಜೋ ಪಾಟರ್ ಅನ್ನೋ ಸೇನೆಯ ಎಂಜಿನಿಯರ್, ಹಿಂದೆ ಪನಾಮಾ ಕಾಲುವೆ ವಲಯದ ಗವರ್ನರ್ ಆಗಿದ್ದವರು. ಅಪ್ಪ ಎರಡು ತಿಂಗಳಲ್ಲಿ ನನಗೆ ಕೇಳಿದ್ದಕ್ಕಿಂತ ಜಾಸ್ತಿ ಪ್ರಶ್ನೆ ಆ ಒಂದು ದೋಣಿಯಲ್ಲಿ ಕೇಳಿದರು. ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಾರ್ಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅವರ ಮಂಡಿ ಊದಿತ್ತು. ವೀಲ್‌ಚೇರ್ ಬಾಡಿಗೆಗೆ ತಗೊಳ್ಳೋಣ ಅಂದರೆ "ನಾನೇನು ರೋಗಿನಾ?" ಅಂತ ಸಿಟ್ಟು. ಮಗಳು "ತಾತಾ, ನಿನ್ ತೊಡೆ ಮೇಲೆ ನಾನು ಕೂರ್ತೀನಿ" ಅಂದ ಮೇಲೆ ಒಪ್ಪಿದರು.

ಮೂರನೇ ದಿನ ನಾವು ಮೂವರು ಕಾರಲ್ಲಿ ಎಪ್‌ಕಾಟ್‌ಗೆ ಹೋದೆವು. ಅಪ್ಪ ಅಮ್ಮ ಕ್ಯಾಬಿನ್‌ನಲ್ಲಿ. ಮಧ್ಯಾಹ್ನ ಫೋನ್ ಮಾಡಿದೆ, ಎತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಮಾಡಿದೆ, ಎತ್ತಲಿಲ್ಲ. ಮೂರನೇ ಸಲಕ್ಕೆ ಹೆಂಡತಿ ಮುಖವೂ ಸಣ್ಣಗಾಯ್ತು. ಬಿಟ್ಟು ಬರಬಾರದಿತ್ತು, ಮಂಡಿ ಊದಿದ ಮನುಷ್ಯ, ಇಂಗ್ಲಿಷಿನಲ್ಲಿ ಎರಡೇ ಪದ ಗೊತ್ತಿರೋ ಅಮ್ಮ... ಸಾಲಿನಿಂದ ಹೊರಬಂದು ಸೀದಾ ಪಾರ್ಕಿಂಗ್‌ಗೆ ನಡೆದೆವು.

ಕ್ಯಾಬಿನ್ ಬಾಗಿಲಿಗೆ ಬೀಗ. ಕಿಟಕಿಯಿಂದ ನೋಡಿದರೆ ಅಪ್ಪನ ಫೋನು ಮೇಜಿನ ಮೇಲೆ ಚಾರ್ಜ್ ಆಗ್ತಿದೆ. ನಾನು ರಸ್ತೆಯಲ್ಲಿ ಆ ಕಡೆ ಈ ಕಡೆ ಓಡಾಡ್ತಿದ್ದಾಗ ಒಳಗಿನ ಬಸ್ ಬಂದು ನಿಂತಿತು. ಇಬ್ಬರೂ ಇಳಿದರು. ಅಮ್ಮನ ಕೈಯಲ್ಲಿ ಅಂಗಡಿಯಿಂದ ತಂದ ಹಾಲಿನ ಡಬ್ಬ.

"ಕುದುರೆ ನೋಡ್ಕೊಂಡು ಬಂದ್ವಿ. ವಾಪಸ್ ಬರುವಾಗ ಬಸ್ಸು ಸುತ್ತು ಹೊಡೀತಿತ್ತು, ನಾವೂ ಸುಮ್ನೆ ಕೂತಿದ್ವಿ. ಎರಡು ಸುತ್ತು ಬಂದ್ವಿ," ಅಂದರು ಅಪ್ಪ. ಬಸ್ಸಿನಲ್ಲಿ ಯಾರೋ ಓಹಾಯೋದ ವಯಸ್ಸಾದ ದಂಪತಿ ಸಿಕ್ಕಿದ್ದರಂತೆ. ಅವರಿಗೆ ಹೇಮಾವತಿ ನಾಲೆಯ ಸುರಂಗದ ಕತೆ ಪೂರ್ತಿ ಹೇಳಿದ್ದಾರೆ. ಅಮ್ಮನಿಗೆ ದಾರಿಯಲ್ಲಿ ಕಾಡು ಟರ್ಕಿ ಕೋಳಿಗಳು ಕಂಡಿದ್ದವು. "ನೋಡೋಕೆ ನವಿಲಿನ ದೂರದ ಸಂಬಂಧಿ ಥರ ಇತ್ತು," ಅಂದರು.

ಬೈಯಬೇಕು ಅಂದ್ಕೊಂಡಿದ್ದೆ. ಅಮ್ಮ ಹಾಲು ಕಾಯಿಸೋಕೆ ಒಳಗೆ ಹೋದರು, ನಾನು ಹೊರಗೆ ಅಪ್ಪನ ಪಕ್ಕ ಕೂತೆ. ಎಪ್‌ಕಾಟ್ ಅರ್ಧಕ್ಕೇ ನಿಂತಿತು. ಸಂಜೆ ಮಗಳನ್ನ ಕ್ಯಾಂಪ್‌ಫೈರ್‌ಗೆ ಕರ್ಕೊಂಡು ಹೋದೆವು. ಅಳಿಲುಗಳಂಥ ಚಿಪ್ ಮತ್ತು ಡೇಲ್ ವೇಷದವರು ಬರ್ತಾರೆ, ಹಾಡು ಹೇಳಿಸ್ತಾರೆ, ಬೆಂಕಿಯಲ್ಲಿ ಮಾರ್ಷ್‌ಮ್ಯಾಲೋ ಸುಟ್ಟುಕೊಳ್ಳಬಹುದು, ಆಮೇಲೆ ಬಯಲಲ್ಲೇ ಸಿನಿಮಾ. ಅದಕ್ಕೂ ಟಿಕೆಟ್ ಇಲ್ಲ.

ಹಾಗಾದರೆ ಕ್ಯಾಬಿನ್ ತಗೋಬೇಕಾ ಅಂತ ಕನ್ನಡ ಕೂಟದ ಗೆಳೆಯರು ಕೇಳ್ತಿರ್ತಾರೆ. ನನ್ನ ಉತ್ತರ ಇಷ್ಟು. ಬೆಳಗ್ಗೆ ಏಳಕ್ಕೆ ಹೊರಟು ರಾತ್ರಿ ಹತ್ತಕ್ಕೆ ಬರೋರಾದರೆ ಬೇಡವೇ ಬೇಡ. ಬಸ್ಸು, ದೋಣಿ ಅಂತ ದಿನಕ್ಕೆ ಒಂದು ಗಂಟೆ ಮೇಲೆ ಹೋಗತ್ತೆ, ಮಲಗೋಕೆ ಅಷ್ಟು ದುಡ್ಡು ದಂಡ. ಎರಡು ಬಾತ್‌ರೂಮ್ ಇಲ್ಲದೆ ಜಗಳ ಆಗೋ ಮನೆಯವರೂ ಯೋಚನೆ ಮಾಡಿ. ಬರೀ ದುಡ್ಡಿನ ಲೆಕ್ಕಕ್ಕೆ ಕಿಸಿಮ್ಮಿ ಮನೆಯೇ ಸರಿ. ಆದರೆ ಜೊತೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮ ಇದ್ದು, ದಿನದಲ್ಲಿ ಅರ್ಧ ಹೊತ್ತು ಅವರು ಪಾರ್ಕಿಗೆ ಬರಲ್ಲ ಅಂತಿದ್ದರೆ ಕ್ಯಾಬಿನ್ ತಗೊಳ್ಳಿ. ಹಾಗೆ ತಗೊಂಡರೆ ನೀವೂ ಒಂದು ದಿನ ಪಾರ್ಕ್ ಬಿಟ್ಟು ಅಲ್ಲೇ ಇರಿ. ಪಾರ್ಕ್‌ಗಳ ಪಾರ್ಕಿಂಗ್ ಒಳಗೆ ಉಳಿದವರಿಗೆ ಉಚಿತ, ಮ್ಯಾಜಿಕ್ ಕಿಂಗ್‌ಡಮ್ ಬಿಟ್ಟು ಉಳಿದವಕ್ಕೆ ಬಸ್ ಕಾಯದೆ ಕಾರಲ್ಲೇ ಹೋಗಿ. ಗಾಲ್ಫ್ ಗಾಡಿ ಬೇಕಿದ್ದರೆ ಬಹಳ ಮುಂಚೆ ಹೇಳಿಡಿ.

ವಾಪಸ್ ಬರುವಾಗ ಜಾರ್ಜಿಯಾ ಗಡಿ ದಾಟಿ ಕಾಫಿಗೆ ನಿಲ್ಲಿಸಿದೆವು. ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಅಪ್ಪ ಮತ್ತೆ ಕೇಳಿದರು, "ಟಿಕೆಟ್ ವಿಷಯ ಏನು ಮಾಡ್ದೆ?"

ಪ್ರವಾಸದಿಂದ ಅದು ಮರೆತುಹೋಗಿರತ್ತೆ ಅಂತ ನಾನು ನಂಬಿದ್ದೆ. ಇಲ್ಲ. ಯುಗಾದಿಗೆ ಮನೆಯಲ್ಲಿರಬೇಕು ಅಂದರು. ಒಂದು ತಿಂಗಳು ಮುಂಚೆಗೆ ಮಾಡಿಸಿದೆ, ಬೇಜಾರಾಯ್ತು, ಆದರೆ ವಾದ ಮಾಡಲಿಲ್ಲ.

ಉಳಿದ ವಾರಗಳಲ್ಲಿ ಒಂದು ಕೆಲಸ ಮಾಡಿದೆ. ಮಧ್ಯಾಹ್ನದ ಬಿಡುವಲ್ಲಿ ಇಬ್ಬರನ್ನೂ ಲೈಬ್ರರಿ ಹತ್ತಿರ ಇಳಿಸಿ ಬರ್ತಿದ್ದೆ. ಪಕ್ಕದಲ್ಲೇ ಒಂದು ಪಾರ್ಕು, ಎರಡು ಅಂಗಡಿ ಇದೆ. ನಾಲ್ಕು ಗಂಟೆಗೆ ಹೋಗಿ ಕರ್ಕೊಂಡು ಬರ್ತಿದ್ದೆ. ಅಷ್ಟು ದಿನ ಅದು ನಮ್ಮ ಮನೆಯಿಂದ ಕಾರಲ್ಲಿ ಎಂಟೇ ನಿಮಿಷ ಇತ್ತು. ಫೋನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಬೇಕು ಅಂತ ಒಪ್ಪಂದ.