ಊದಿ ನೋಡದೆ ಕೊಳ್ಳುವ ಕಾಲ

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮ ಕಕ್ಕಿಂಜೆಯ ಕಡೆ ಸ್ಯಾಕ್ಸೋಫೋನ್ ಯಾರಿಗೂ ಹೊಸ ವಾದ್ಯವಲ್ಲ. ಜಾತ್ರೆ, ಭೂತದ ನೇಮ, ಮದುವೆ, ಗೃಹಪ್ರವೇಶ ಎಲ್ಲದಕ್ಕೂ ಅದು ಬೇಕು. ನಾಗಸ್ವರ ಊದುತ್ತಿದ್ದ ಮನೆತನಗಳ ಹುಡುಗರು ಒಬ್ಬರ ಹಿಂದೆ ಒಬ್ಬರು ಇದಕ್ಕೆ ತಿರುಗಿದ್ದಕ್ಕೆ ಕಾರಣ ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರು ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಾದ್ಯಕ್ಕೆ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಹೋದರು. ನಮ್ಮ ಕಡೆಯವರೊಬ್ಬರು ಅಷ್ಟು ಎತ್ತರಕ್ಕೆ ಹೋದ ಮೇಲೆ, ಕಲಿಯುವ ಹುಡುಗರಿಗೆಲ್ಲ ಒಳ್ಳೆಯ ವಾದ್ಯ ಬೇಕೆಂಬ ಆಸೆ ಹುಟ್ಟಿತು. ಒಳ್ಳೆಯದೆಂದರೆ ಯಮಹಾ. ಅದಕ್ಕೂ ಮೇಲಿನದು ಪ್ಯಾರಿಸ್ಸಿನ ಸೆಲ್ಮರ್. ಹೊಸ ಸೆಲ್ಮರಿಗೆ ಹಲವು ಲಕ್ಷ ಬೇಕು, ಹಾಗಾಗಿ ಹೆಚ್ಚಿನವರು ಹುಡುಕುತ್ತಿದ್ದುದು ಸೆಕೆಂಡ್ ಹ್ಯಾಂಡ್.

ಪೇಟೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಕಾರ್ಯಕ್ರಮಕ್ಕೆ ಹೊರಟ ಕಲಾವಿದರು ಬಸ್ಸು ಬರುವವರೆಗೆ ಪೆಟ್ಟಿಗೆ ಇಡುತ್ತಿದ್ದುದು ನನ್ನಲ್ಲೇ. ಹಳೆಯ ವಾದ್ಯದ ವ್ಯಾಪಾರವನ್ನು ನಾನು ಹತ್ತಿರದಿಂದ ನೋಡಿದ್ದು ಹಾಗೆ. ಜಾತ್ರೆ ನೇಮಗಳ ಋತು ಮುಗಿಯುವ ಪತ್ತನಾಜೆ ಕಳೆದು ಗಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ, ಯಾರ ವಾದ್ಯ ಮಾರಾಟಕ್ಕುಂಟು ಎಂಬ ಸುದ್ದಿ ಬಾಯಿಂದ ಬಾಯಿಗೆ ಬರುತ್ತಿತ್ತು. ಕೊಳ್ಳುವವನು ಒಬ್ಬ ಹಿರಿಯ ಕಲಾವಿದನನ್ನು ಜೊತೆಗೆ ಕರೆದುಕೊಂಡು ಮಾರುವವರ ಮನೆಗೇ ಹೋಗುತ್ತಿದ್ದ.

ಆ ಹಿರಿಯರ ಪರೀಕ್ಷೆ ನೋಡುವಂಥದ್ದು. ಮೊದಲು ಮೇಲಿನ ಸ್ವರಗಳನ್ನು ಊದುತ್ತಿರಲಿಲ್ಲ, ಅವು ಯಾವ ವಾದ್ಯದಲ್ಲೂ ಹೇಗೋ ಬರುತ್ತವೆ. ಎಲ್ಲ ಕೀಗಳನ್ನೂ ಮುಚ್ಚಿ ತೀರಾ ಕೆಳಗಿನ ಸ್ವರವನ್ನು ಮೆಲ್ಲಗೆ ಊದುವುದು. ಎಲ್ಲಾದರೂ ಒಂದು ಪ್ಯಾಡಿನ ಅಂಚಿನಲ್ಲಿ ಗಾಳಿ ಸೋರಿದರೂ ಆ ಸ್ವರ ತಡವರಿಸುತ್ತದೆ. ಆಮೇಲೆ ಕಿಟಕಿ ಬಾಗಿಲು ಮುಚ್ಚಿ, ಸೀರಿಯಲ್ ಸೆಟ್ಟಿನ ಸಣ್ಣ ಬಲ್ಬೊಂದನ್ನು ವಯರಿನಲ್ಲಿ ಕಟ್ಟಿ ಕೊಳವೆಯೊಳಗೆ ಇಳಿಸುತ್ತಿದ್ದರು. ಕೀ ಮುಚ್ಚಿದಾಗ ಅಂಚಿನಿಂದ ಬೆಳಕಿನ ಗೆರೆ ಕಂಡರೆ ಆ ಪ್ಯಾಡು ಹೋದಂತೆ. ನಮ್ಮ ಮಳೆಗೆ ಚರ್ಮದ ಪ್ಯಾಡು ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಇಷ್ಟು ಪ್ಯಾಡು ಹೋಗಿದೆ ಎಂದು ಲೆಕ್ಕ ಹಾಕಿ ದರ ಇಳಿಸುವುದು, ಚಾ ಕುಡಿಯುವುದು, ದುಡ್ಡು ಕೊಟ್ಟು ಪೆಟ್ಟಿಗೆ ಎತ್ತಿಕೊಳ್ಳುವುದು. ಮೋಸ ಆಗಲೂ ಇತ್ತು, ಸೋರುವ ವಾದ್ಯವನ್ನು ಚೆನ್ನಾಗಿದೆ ಎಂದು ದಾಟಿಸುವ ಮೋಸ. ಇಲ್ಲದ ವಾದ್ಯವನ್ನು ಮಾರುವ ಮೋಸ ಮಾತ್ರ ಯಾರ ಊಹೆಗೂ ಬಂದಿರಲಿಲ್ಲ.

ಇಂಟರ್ನೆಟ್ ಬಂದ ಕೂಡಲೇ ಎಲ್ಲ ಕೆಟ್ಟಿತು ಎಂದು ನಾನು ಹೇಳುವುದಿಲ್ಲ. ಇಬೇ 2004ರಲ್ಲಿ ಬಾಜಿ ಡಾಟ್ ಕಾಮನ್ನು ಕೊಂಡು ನಮ್ಮ ದೇಶಕ್ಕೆ ಬಂತು. ಅದರಲ್ಲಿ ಪೈಸಾಪೇ ಎಂಬ ವ್ಯವಸ್ಥೆ ಇತ್ತು, ಕೊಟ್ಟ ದುಡ್ಡು ಕೂಡಲೇ ಮಾರುವವನ ಕೈಗೆ ಹೋಗದೆ ನಡುವೆ ನಿಲ್ಲುತ್ತಿತ್ತು. ನಾನೇ ಅಂಗಡಿಯ ಕಂಪ್ಯೂಟರಿನಲ್ಲಿ ಕಲಾವಿದರಿಗೆ ರೀಡು, ಮೌತ್‌ಪೀಸು ತರಿಸಿಕೊಟ್ಟಿದ್ದೇನೆ. 2018ರ ಆಗಸ್ಟಿನಲ್ಲಿ ಇಬೇ ಇಂಡಿಯಾ ಮುಚ್ಚಿತು. ಅಷ್ಟರಲ್ಲಿ ಜಿಯೊ ಬಂದು ಎಲ್ಲರ ಕೈಯಲ್ಲೂ ಡೇಟಾ ಇತ್ತು, 2016ರಲ್ಲಿ ಶುರುವಾದ ಯುಪಿಐ ಇತ್ತು. ಹಳೆ ಸಾಮಾನಿನ ಜಾಹೀರಾತು ನೋಡಿ, ಮಾರುವವನಿಗೆ ನೇರ ಫೋನು ಮಾಡಿ, ನೇರ ದುಡ್ಡು ಹಾಕುವ ಕಾಲ ಬಂತು. ನಡುವೆ ನಿಲ್ಲುವವರು ಯಾರೂ ಇಲ್ಲ.

"ಅಣ್ಣಾ, ಇದೊಮ್ಮೆ ನೋಡಿ" ಎಂದು ಹುಡುಗರು ಮೊಬೈಲು ಹಿಡಿದು ಸ್ಟುಡಿಯೊಕ್ಕೆ ಬರತೊಡಗಿದ್ದು ಆಗಲೇ. ವಾದ್ಯದ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಗೊತ್ತು. ನನಗೆ ಗೊತ್ತಿದ್ದುದು ಫೋಟೊ. ಒಂದು ಜಾಹೀರಾತು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೆಲ್ಮರ್ ಮಾರ್ಕ್ ಸಿಕ್ಸ್ ಟೆನರ್ ಸ್ಯಾಕ್ಸೋಫೋನ್, ಬೆಲೆ ಅರುವತ್ತು ಸಾವಿರ. ಮಾರ್ಕ್ ಸಿಕ್ಸ್ 1954ರಲ್ಲಿ ಶುರುವಾಗಿ ಎಪ್ಪತ್ತರ ದಶಕದವರೆಗೆ ಬಂದ ಮಾದರಿ, ಲೋಕದ ಎಲ್ಲೆಡೆ ಕಲಾವಿದರು ಹುಡುಕಿಕೊಂಡು ಹೋಗುವಂಥದ್ದು, ಆ ಬೆಲೆಗೆ ಸಿಗುವುದೇ ಇಲ್ಲ. ಹುಡುಗ ಆಸೆಯಿಂದ ನಡುಗುತ್ತಿದ್ದ. ಫೋಟೊವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಗೋಡೆಯಲ್ಲಿದ್ದ ಪ್ಲಗ್ಗಿನ ತೂತುಗಳು ಚಪ್ಪಟೆ, ನಮ್ಮ ದೇಶದ್ದಲ್ಲ. ಅವನು ಇನ್ನೊಂದನ್ನು ತೋರಿಸಿದ: "ಅಣ್ಣಾ, ಟೆನರಿನ ನೆಕ್ಕು ಹಂಸದ ಕತ್ತಿನ ಹಾಗೆ ಬಾಗಿರಬೇಕು. ಇದು ನೇರ ಬಗ್ಗಿದೆ, ಆಲ್ಟೊ." ಮುಂದಿನ ಫೋಟೊದಲ್ಲಿ ಬೆಲ್ಲಿನ ಕೀಗಳು ಎಡಗಡೆಗಿದ್ದವು, ಮೊದಲನೆಯದರಲ್ಲಿ ಬಲಗಡೆಗೆ. ಎರಡು ಬೇರೆ ಬೇರೆ ವಾದ್ಯಗಳ ಫೋಟೊ ಸೇರಿಸಿ ಹಾಕಿದ್ದರು. ಗೂಗಲ್‌ನಲ್ಲಿ ಅದೇ ಫೋಟೊ ಹುಡುಕಿದಾಗ ವಿದೇಶದ ಅಂಗಡಿಯೊಂದರ ಪುಟ ಸಿಕ್ಕಿತು.

ಮಾರುವವನು ತಾನು ಸೈನಿಕ, ದೂರದ ಗಡಿಗೆ ವರ್ಗವಾಗಿದೆ ಎಂದಿದ್ದ. ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡು, ಆಧಾರ್ ಎಲ್ಲ ಕೇಳುವ ಮೊದಲೇ ಕಳಿಸಿದ್ದ. ದೇಶದ ಉದ್ದಗಲಕ್ಕೆ ಬೈಕು, ಫ್ರಿಜ್ಜು ಮಾರುವ ನೆಪದಲ್ಲಿ ನಡೆದ ಮೋಸದ ದಾರಿಯೇ ಇದು. ಮೊದಲು ಸಣ್ಣ ಟೋಕನ್, ಆಮೇಲೆ ಸಾಗಾಟದ್ದು, ಆಮೇಲೆ ವಾಪಸು ಸಿಗುತ್ತದೆ ಎನ್ನುವ ಡೆಪಾಸಿಟ್ಟು. ಸೈನ್ಯದಲ್ಲಿರುವ ಹುಡುಗರು ನಮ್ಮೂರ ಮನೆಗಳಲ್ಲೂ ಇದ್ದಾರೆ, ಅವರ ಮೇಲಿನ ಗೌರವವನ್ನೇ ಈ ಮೋಸಗಾರರು ಬಂಡವಾಳ ಮಾಡಿಕೊಂಡದ್ದು ನನ್ನನ್ನು ಇವತ್ತಿಗೂ ಸುಡುತ್ತದೆ. ಆ ದಿನ ನಾವು ಅವನಲ್ಲಿ ಕಾರ್ಡು ಕೇಳಲಿಲ್ಲ. ಹಿಂಬದಿ ಹೆಬ್ಬೆರಳು ಸಿಕ್ಕಿಸುವ ಕೊಕ್ಕೆಯ ಹತ್ತಿರ ಸೀರಿಯಲ್ ನಂಬರು ಕೆತ್ತಿರುತ್ತದೆ, ಅದರ ಫೋಟೊ ಕಳಿಸಿ ಎಂದೆವು. ಯಾವ ಕೊಕ್ಕೆ ಎಂದು ಕೇಳಿದ. ಮತ್ತೆ ಫೋನು ಎತ್ತಲಿಲ್ಲ.

ಬೆಲೆ ತೀರಾ ಕಡಿಮೆ ಇದ್ದರೆ ಅನುಮಾನಿಸು ಎನ್ನುತ್ತಿದ್ದೆವು. 2020ರಲ್ಲಿ ಆ ಮಾತೂ ಉಳಿಯಲಿಲ್ಲ. ಹಿಂದಿನ ವರ್ಷದ ಆಗಸ್ಟಿನ ನೆರೆಗೆ ನಮ್ಮ ಕಣಿವೆ ತತ್ತರಿಸಿತ್ತು, ಅಕ್ಟೋಬರಿನಲ್ಲಿ ಗೋಪಾಲನಾಥರು ತೀರಿಹೋದರು. 2020ರ ಮಾರ್ಚಿನಲ್ಲಿ, ನೇಮ ಜಾತ್ರೆ ಮದುವೆಗಳ ನಟ್ಟನಡುವೆ, ಲಾಕ್‌ಡೌನ್. ವರ್ಷದ ಅನ್ನ ದುಡಿಯುವ ತಿಂಗಳುಗಳೇ ಹೋದವು. ಹೊಟ್ಟೆಪಾಡಿಗೆ ನಿಜವಾದ ಕಲಾವಿದರು ನಿಜವಾದ ಯಮಹಾಗಳನ್ನು ಸಿಕ್ಕಿದ ಬೆಲೆಗೆ ಮಾರಲು ಹೊರಟರು. ಅವರ ಜಾಹೀರಾತು, ಕಳ್ಳನ ಜಾಹೀರಾತು ಅಕ್ಕಪಕ್ಕ. ನೋಡಲು ಎರಡೂ ಒಂದೇ. ಆ ವರ್ಷ ಮಾರುವವರಿಗೂ ಬಲೆ ಬಿತ್ತು. ಕೊಳ್ಳುತ್ತೇನೆ ಎಂದವನು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಎನ್ನುತ್ತಿದ್ದ. ಯುಪಿಐಯಲ್ಲಿ ಪಿನ್ ಹಾಕುವುದು ದುಡ್ಡು ಕೊಡಲು, ಪಡೆಯಲು ಪಿನ್ ಬೇಡ. ಇದೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿಯ ಗಾಜಿಗೆ ಅಂಟಿಸಿದ್ದೆ. ಈಗ ಅದರ ಕೆಳಗೆ 1930 ಎಂದೂ ಬರೆದಿದೆ. 2021ರಲ್ಲಿ 155260 ಎಂದು ಶುರುವಾದ ಸೈಬರ್ ವಂಚನೆಯ ಸಹಾಯವಾಣಿ ಈಗ ಈ ನಂಬರಿನಲ್ಲಿದೆ. ಎಷ್ಟು ಬೇಗ ಫೋನು ಮಾಡುತ್ತೇವೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ನಾಚಿಕೆಯಿಂದ ವಾರಗಟ್ಟಲೆ ಮನೆಯವರಿಗೂ ಹೇಳದೆ ಕೂತವರನ್ನು ನಾನು ನೋಡಿದ್ದೇನೆ.

ಈಗಿನ ಹುಡುಗರು ಜಾಣರಾಗಿದ್ದಾರೆ. ಕೊಳ್ಳುವ ಮೊದಲು ವಿಡಿಯೊ ಕಾಲ್ ಮಾಡಿಸುತ್ತಾರೆ, ಆ ದಿನದ ತಾರೀಕು ಬರೆದ ಚೀಟಿಯನ್ನು ವಾದ್ಯದ ಮೇಲಿಟ್ಟು ತೋರಿಸಿ ಎನ್ನುತ್ತಾರೆ, ಕೆಳಗಿನ ಸ್ವರ ಊದಿಸುತ್ತಾರೆ. ಸೆಲ್ಮರ್ ಎಂದು ಕೆತ್ತಿದ್ದರೂ ಅದು ಪ್ಯಾರಿಸ್ಸಿನದೋ, ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆಂದು ಮಾರಿದ ಅಗ್ಗದ ಬಂಡಿ ಮಾದರಿಯೋ ಎಂದು ಕೇಳುತ್ತಾರೆ.

ಮೊನ್ನೆ ಮೂಡುಬಿದಿರೆ ಕಡೆಯ ಹಿರಿಯ ಕಲಾವಿದರೊಬ್ಬರು ತಮ್ಮ ಯಮಹಾ ಮಾರಾಟಕ್ಕಿಟ್ಟಿದ್ದರು. ಕೊಳ್ಳಲು ಹೊರಟ ಹುಡುಗ ತಾರೀಕಿನ ಚೀಟಿ ಕೇಳಿದ್ದಕ್ಕೆ ಅವರಿಗೆ ಬೇಸರವಾಯಿತು. "ನಾನು ಯಾರೆಂದು ಗೊತ್ತಿಲ್ವಾ ಮಾರಾಯ?" ಎಂದರು. ಆ ಬೇಸರ ನ್ಯಾಯವಾದದ್ದೇ. ಫೋನನ್ನು ನಾನು ತೆಗೆದುಕೊಂಡು, ಇಲ್ಲಿ ಏನೆಲ್ಲ ನಡೆದಿದೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಚೀಟಿ ಗೀಟಿ ಬೇಡ, ಬನ್ನಿ, ಊದಿ ನೋಡಿ" ಎಂದರು. ಮರುದಿನ ಬೆಳಗ್ಗಿನ ಬಸ್ಸಿಗೆ ಹುಡುಗ ಹೊರಟ, ಜೊತೆಗೆ ಅವನ ಮಾವ. ಎರಡು ಪ್ಯಾಡು ಹೋಗಿತ್ತಂತೆ, ಆ ಲೆಕ್ಕಕ್ಕೆ ದರ ಇಳಿಸಿದರಂತೆ. ದುಡ್ಡು ಹಾಕಿದ್ದು ಮೊಬೈಲಿನಲ್ಲೇ, ಅವರ ಚಾವಡಿಯಲ್ಲಿ ಕೂತು, ಪೆಟ್ಟಿಗೆ ಕೈಗೆ ಬಂದ ಮೇಲೆ.