ನಾವು ಮರಿಯಮ್ಮನವರಲ್ಲಿ ಕೇಳುವುದೇನು?

"ನಿಮ್ಮ ಮರಿಯಮ್ಮ, ನಮ್ಮ ಮಾರಮ್ಮ ಇಬ್ರೂ ಒಂದೇನಾ ಕಣೇ?" ಎಂದು ತರಗತಿಯ ಗೆಳತಿಯರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಸರು ಹತ್ತಿರ ಹತ್ತಿರ ಇದೆ. ಸೆಪ್ಟೆಂಬರ್ 8 ಮರಿಯಮ್ಮನವರು ಹುಟ್ಟಿದ ಹಬ್ಬ. ಆ ದಿನ ಬೆಂಗಳೂರಿನ ಶಿವಾಜಿನಗರದ ದೊಡ್ಡ ಚರ್ಚಿಗೆ ಹೋದರೆ ಅಮ್ಮನವರಿಗೆ ಸೀರೆ ಉಡಿಸಿರುತ್ತಾರೆ. ಹೂವಿನ ಹಾರ, ದೀಪ, ತೇರು ಎಲ್ಲಾ ಇರುತ್ತದೆ. ಹರಕೆ ಹೊತ್ತ ಹೆಂಗಸರು ಕಾವಿ ಸೀರೆ ಉಟ್ಟು ಬರುತ್ತಾರೆ. ನಮ್ಮ ಕನಕಪುರ ಕಡೆಯ ಊರಹಬ್ಬ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಹಾಗಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮಾರಮ್ಮ ಊರು ಕಾಯುವ ದೇವತೆ. ಮರಿಯಮ್ಮನವರು ನಜರೇತ್ ಎಂಬ ಊರಿನ ಒಬ್ಬ ಹೆಣ್ಣುಮಗಳು, ನಮ್ಮ ನಿಮ್ಮ ಹಾಗೆ ಮನುಷ್ಯರು. ಅವರನ್ನು ದೇವರೆಂದು ನಮ್ಮ ಧರ್ಮಸಭೆ ಯಾವತ್ತೂ ಹೇಳಿಲ್ಲ. "ಮತ್ತೆ ದೇವಮಾತೆ ಅಂತೀರಲ್ಲ?" ಎಂದು ನಾನೇ ಭಾನುವಾರದ ಜ್ಞಾನೋಪದೇಶದಲ್ಲಿ ಫಾದರ್ ಅವರನ್ನು ಕೇಳಿದ್ದೆ. ಅದು 431ರಲ್ಲಿ ಎಫೆಸ ಎಂಬ ಪಟ್ಟಣದಲ್ಲಿ (ಈಗಿನ ಟರ್ಕಿ ದೇಶ) ಬಿಷಪರುಗಳೆಲ್ಲ ಸಭೆ ಸೇರಿ ಒಪ್ಪಿದ ಹೆಸರಂತೆ. ಅಲ್ಲಿ ನಡೆದ ಜಗಳ ನಿಜವಾಗಿ ಮಗನ ಬಗ್ಗೆ. ಹುಟ್ಟಿದ ಮಗು ದೇವರೇ ಆಗಿದ್ದರೆ ಹೆತ್ತವಳನ್ನು ದೇವರ ತಾಯಿ ಎನ್ನಲೇಬೇಕು, ಅಷ್ಟೇ. ಮುಂದೆ 787ರಲ್ಲಿ ನಡೆದ ಇನ್ನೊಂದು ಸಭೆಯಲ್ಲಿ, ಆರಾಧನೆ ದೇವರೊಬ್ಬನಿಗೆ ಮಾತ್ರ, ಪ್ರತಿಮೆಗಳಿಗೆ ತೋರಿಸುವ ಗೌರವ ಆ ಪ್ರತಿಮೆ ಯಾರದ್ದೋ ಅವರಿಗೆ ಸಲ್ಲುತ್ತದೆ ಎಂದು ತೀರ್ಮಾನಿಸಿದರು. ಇಷ್ಟು ತಿಳಿದಮೇಲೆ ಸೀರೆ, ಹಾರ ನೋಡಿ ನನಗೆ ಗಲಿಬಿಲಿಯಾಗುವುದಿಲ್ಲ. ನಮ್ಮ ಜನ ತಮಗೆ ಬೇಕಾದವರಿಗೆ ಸೀರೆ ಉಡಿಸದೆ ಇರುತ್ತಾರೆಯೇ?

ಮರಿಯಮ್ಮ ಕ್ರೈಸ್ತರಿಗೆ ಮಾತ್ರ ಸೇರಿದವರೂ ಅಲ್ಲ. ಪವಿತ್ರ ಕುರಾನಿನ 19ನೇ ಅಧ್ಯಾಯಕ್ಕೆ ಅವರದೇ ಹೆಸರು. ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಅವರೊಬ್ಬರೇ. ರಾಮನಗರ, ಚನ್ನಪಟ್ಟಣದ ಮುಸ್ಲಿಂ ಮನೆಗಳಲ್ಲಿ ಮಗಳಿಗೆ ಮರ್ಯಮ್ ಎಂದು ಹೆಸರಿಡುವುದು ಇದಕ್ಕೇ.

ಇನ್ನು ಪ್ರಾರ್ಥನೆಯ ವಿಷಯ. ನಾವು ಹೇಳುವ 'ನಮೋ ಮರಿಯೆ' ಪ್ರಾರ್ಥನೆಗೆ ಎರಡು ಅರ್ಧಗಳಿವೆ. ಮೊದಲ ಅರ್ಧ ಬೈಬಲಿನದು. ಗಬ್ರಿಯೇಲ ದೂತ ಬಂದು ಮಾಡಿದ ವಂದನೆ, ಆಮೇಲೆ ನೆಂಟಳಾದ ಎಲಿಜಬೇತ ಹರಸಿ ಆಡಿದ ಮಾತು, ಎರಡೂ ಸಂತ ಲೂಕರು ಬರೆದದ್ದರಲ್ಲಿವೆ. ಎರಡನೆಯ ಅರ್ಧ ಬೈಬಲಿನಲ್ಲಿಲ್ಲ, ಧರ್ಮಸಭೆ ಆಮೇಲೆ ಸೇರಿಸಿದ್ದು. ಅದರಲ್ಲಿ ಹಣ ಕೊಡು, ಮಳೆ ಕೊಡು ಎಂದಿಲ್ಲ. ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ ಎಂದು ಕೇಳುತ್ತೇವೆ. ಅದೂ ಎರಡೇ ಹೊತ್ತಿಗೆ: ಈಗ, ಮತ್ತು ನಾವು ಸಾಯುವಾಗ.

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವರು ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು, 1960ರ ದಶಕದ ಮೇಲೆಯೇ ಕನ್ನಡಕ್ಕೆ ಬಂದದ್ದು. ಸ್ವಾಮಿಗಳು ಅತ್ತ ತಿರುಗಿ ಅರ್ಥವಾಗದ ಭಾಷೆಯಲ್ಲಿ ಪೂಜೆ ಮಾಡುತ್ತಿದ್ದರೆ ಹೆಂಗಸರು ಇತ್ತ ಕೂತು ಜಪಸರ ಉರುಳಿಸುತ್ತಿದ್ದರಂತೆ. ಬೈಬಲಿನಲ್ಲಿ 150 ಕೀರ್ತನೆಗಳಿವೆ. ಅವನ್ನು ಓದಲಾರದವರು ಅದರ ಬದಲು 150 ಸಲ ನಮೋ ಮರಿಯೆ ಹೇಳುವುದು ಹಳೆಯ ಪದ್ಧತಿ. 2002ರಲ್ಲಿ ಎರಡನೇ ಜಾನ್ ಪೌಲ್ ಪೋಪರು ಇನ್ನೂ ಐದು ರಹಸ್ಯ ಸೇರಿಸಿದಾಗ ಅದು 200 ಆಯಿತು. ಅಜ್ಜಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಹಳೇದೇ ಸಾಕು, ಹೊಸದು ನೀವು ಹೇಳ್ಕೊಳ್ಳಿ" ಅಂದುಬಿಟ್ಟರು. ಅವರ ಜಪಸರ ಒಮ್ಮೆ ಹರಿದು ಮಣಿಗಳು ಕಳೆದಾಗ ತಾತ ಚನ್ನಪಟ್ಟಣದಿಂದ ಅರಗಿನ ಬಣ್ಣದ ಮರದ ಮಣಿ ತಂದು ಪೋಣಿಸಿ ಕೊಟ್ಟಿದ್ದರು. ಕೆಂಪು, ಹಳದಿ, ಹಸಿರು. ಚರ್ಚಿನಲ್ಲಿ ಅಂಥ ಜಪಸರ ಬೇರೆ ಯಾರ ಹತ್ತಿರವೂ ಇರಲಿಲ್ಲ.

ನಮ್ಮ ಅತ್ತೆ ಮದುವೆಯಾಗಿ ಹೋದದ್ದು ಬೆಂಗಳೂರಿನ ಪ್ರಾಟೆಸ್ಟೆಂಟ್ ಮನೆಗೆ. ಅವರಲ್ಲಿ ಜಪಸರವಿಲ್ಲ. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥರು ಯೇಸುಸ್ವಾಮಿ ಒಬ್ಬರೇ ಎಂದು ಸಂತ ಪೌಲರು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ, ಮತ್ತೆ ಇನ್ನೊಬ್ಬರ ಕೈಲಿ ಯಾಕೆ ಹೇಳಿಸಬೇಕು ಎಂಬುದು ಅತ್ತೆಯ ವಾದ. ಅಕ್ಟೋಬರ್ ಜಪಸರದ ತಿಂಗಳು. ದಿನಾ ಸಂಜೆ ಮನೆಯವರೆಲ್ಲ ಮಂಡಿಯೂರಿ ಕೂರುತ್ತೇವೆ. ಆಗ ಊರಿಗೆ ಬಂದಿದ್ದರೆ ಅತ್ತೆ ಎದ್ದು ಹೋಗಿ ಜಗಲಿ ಮೇಲೆ ಕೂರುತ್ತಿದ್ದರು. ಅಜ್ಜಿಗೆ ಅದು ಮುಳ್ಳು ಚುಚ್ಚಿದ ಹಾಗೆ. "ನಾನು ಸಾಯುವಾಗ್ಲೂ ಹೊರಗೇ ಕೂತಿರ್ತೀಯೇನವ್ವ?" ಎಂದು ಒಂದು ಸಲ ಕೇಳಿಯೇಬಿಟ್ಟರು. ಅತ್ತೆ ಮಾತಾಡಲಿಲ್ಲ.

ಅತ್ತೆಯ ವಾದಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಕೊಡುವ ಉತ್ತರ ಇದು: ಅಪ್ಪನ ಹತ್ತಿರ ಕೇಳಲು ಹೆದರಿಕೆಯಾದರೆ ಅವ್ವನ ಕೈಲಿ ಹೇಳಿಸುವುದಿಲ್ಲವೇ, ಹಾಗೆ. ಶಾಲೆಯ ಪ್ರವಾಸದ ದುಡ್ಡಿಗೆ ನಾನೂ ಹಾಗೆ ಮಾಡಿದವಳೇ. ಆದರೂ ಈ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದೇವರು ಕೋಪಿಷ್ಠ, ಮರಿಯಮ್ಮ ಮಾತ್ರ ಕರುಣೆಯವರು ಎಂದ ಹಾಗಾಗುತ್ತದೆ. ಕಾನಾ ಊರಿನ ಮದುವೆಯ ಕಥೆ ನನಗೆ ಇದಕ್ಕಿಂತ ಹಿಡಿಸುತ್ತದೆ. ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತು. ಊಟದ ಪಂಕ್ತಿ ಕೂತಿರುವಾಗ ಅನ್ನ ಸಾಲದೆ ಹೋದರೆ ಹೆಣ್ಣಿನ ಕಡೆಯವರ ಮಾನ ಏನಾಗುತ್ತದೆಂದು ನಮ್ಮ ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಅದನ್ನು ಮೊದಲು ಗಮನಿಸಿ ಯೇಸುಸ್ವಾಮಿಗೆ ಹೇಳಿದವರು ಮರಿಯಮ್ಮ. ಆಮೇಲೆ ಆಳುಗಳ ಕಡೆ ತಿರುಗಿ ಅವರು ಹೇಳಿದ ಹಾಗೆ ಮಾಡಿ ಎಂದರು, ಸುಮ್ಮನಾದರು. ಆರು ಕಲ್ಲಿನ ಬಾನಿಗಳ ನೀರನ್ನು ಬದಲಾಯಿಸಿದ್ದು ಮಗನೇ. 2025ರ ನವೆಂಬರ್ 4ರಂದು ರೋಮಿನಿಂದ ಬಂದ ಪತ್ರದಲ್ಲೂ ಮರಿಯಮ್ಮನವರನ್ನು 'ಸಹರಕ್ಷಕಿ' ಎಂದು ಕರೆಯುವುದು ಸರಿಯಲ್ಲ, ರಕ್ಷಕರು ಯೇಸುಸ್ವಾಮಿ ಒಬ್ಬರೇ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಅತ್ತೆಗೆ ಇದನ್ನು ಹೇಳಿದಾಗ "ನಾನು ಹೇಳ್ತಿದ್ದದ್ದೂ ಅದೇ ತಾನೇ" ಎಂದು ನಕ್ಕರು.

ಅಜ್ಜಿ ತೀರಿಕೊಂಡದ್ದು ಅದಕ್ಕೆ ಮೂರು ವರ್ಷ ಮುಂಚೆ. ಕೊನೆಯ ಎರಡು ದಿನ ಬಾಯಿಂದ ಮಾತು ಹೊರಡಲಿಲ್ಲ. ಜಪಸರವನ್ನು ಒಬ್ಬರು ಮೊದಲ ಅರ್ಧ ಹೇಳಿ, ಉಳಿದವರು ಎರಡನೆಯ ಅರ್ಧ ಹೇಳಿ ಮುಗಿಸುವುದು ರೂಢಿ. ನಮ್ಮ ಮನೆಯಲ್ಲಿ ಮೊದಲ ಅರ್ಧ ಹೇಳುತ್ತಿದ್ದವರು ಅಜ್ಜಿಯೇ. ಆ ರಾತ್ರಿ ಎಲ್ಲರೂ ಮಂಡಿಯೂರಿದೆವು, ಆದರೆ ಯಾರಿಗೂ ಶುರು ಮಾಡಲು ಧ್ವನಿ ಬರಲಿಲ್ಲ. ಅತ್ತೆ ಜಗಲಿಯಿಂದ ಎದ್ದು ಬಂದು ಅಜ್ಜಿಯ ತಲೆದೆಸೆಯಲ್ಲಿ ಕೂತು ಮೊದಲ ಅರ್ಧ ಹೇಳಿದರು. ಅದು ಬೈಬಲಿನ ಮಾತು, ಅವರಿಗೂ ನಮಗೂ ಒಂದೇ. ಎರಡನೆಯ ಅರ್ಧ ನಾವು ಹೇಳಿದೆವು. ಹೀಗೆ ಐದು ಹತ್ತೂ ಮುಗಿಯಿತು. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು ಎಂದು ಅವ್ವ ಹೇಳುತ್ತಾರೆ. ನಾನು ಮಣಿಗಳನ್ನು ನೋಡುತ್ತಿದ್ದೆ.

ಬಣ್ಣದ ಮಣಿಯ ಆ ಜಪಸರವನ್ನು ಅಜ್ಜಿಯ ಕೈಗೇ ಸುತ್ತಿ ಮಣ್ಣು ಮಾಡಿದೆವು. ಕಳೆದ ಅಕ್ಟೋಬರಿನಲ್ಲಿ ಅತ್ತೆ ಮತ್ತೆ ಬಂದಿದ್ದರು. ಸಂಜೆ ಒಳಗೇ ಕೂತು ಮೊದಲ ಅರ್ಧ ಹೇಳಿಕೊಟ್ಟರು. ಎರಡನೆಯದಕ್ಕೆ ಬಾಯಿ ತೆರೆಯಲಿಲ್ಲ. ಯಾರೂ ಕೇಳಲೂ ಇಲ್ಲ.