ಏಳು ಏಳು ಏಳು

ಗೆಳೆಯರೆ, ಇದನ್ನ ಒಂದು ತಪ್ಪೊಪ್ಪಿಗೆ ಅಂತಲೇ ಓದಿಕೊಳ್ಳಿ.

2020ರ ಮಾರ್ಚಿಯಲ್ಲಿ ಶಾಲೆಗಳಿಗೆ ಬೀಗ ಬಿತ್ತಲ್ಲ, ಆಗ ಒಂದೇ ತಾಲ್ಲೂಕಿನ ಬೇರೆ ಬೇರೆ ಹೈಸ್ಕೂಲಿನ ಐದು ಜನ ಮೇಷ್ಟ್ರುಗಳು ಸೇರಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಅಂತ ಒಂದು ವೆಬ್‌ಸೈಟು ಮಾಡಿದೆವು. ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಕಡೆಗೆ ಜೂನ್ 25ಕ್ಕೆ ನಿಂತಿತ್ತು. ಮನೆಗೆ ಒಂದು ಫೋನು, ಅದೂ ಅಪ್ಪ ಬಂದ ಮೇಲೆ ಕೈಗೆ ಸಿಗೋದು. ಅಂಥ ಮಕ್ಕಳು ರಾತ್ರಿ ಹತ್ತು ಗಂಟೆಗೆ ತೆಗೆದು ನೋಡಿದರೂ ಪಾಠ ಅಲ್ಲಿರಬೇಕು, ಇಷ್ಟೇ ನಮ್ಮ ಆಸೆ. ಐದು ಜನ ದುಡ್ಡು ಹಾಕಿ ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡಿದೆವು. ಸರ್ವರ್ ಅಂದರೆ ಮಾಯಾಮಂತ್ರ ಏನಲ್ಲ. ಎಲ್ಲೋ ಒಂದು ಕಡೆ ಹಗಲೂ ರಾತ್ರಿ ನಿಲ್ಲಿಸದೆ ಇಟ್ಟ ಕಂಪ್ಯೂಟರು. ನಮ್ಮದರೊಳಗೆ ಇದ್ದದ್ದು ಡೆಬಿಯನ್ ಅನ್ನೋ ಲಿನಕ್ಸು. ನಾನು ಗಣಿತದ ಮೇಷ್ಟ್ರು. ಅವರಿವರನ್ನು ಕೇಳಿ ಲಿನಕ್ಸು ಒಂಚೂರು ಕಲಿತಿದ್ದೆ. ಅಷ್ಟಕ್ಕೇ ನಾನೇ ಅದರ ಯಜಮಾನನಾದೆ.

ಈ ಯಜಮಾನಿಕೆ ಏನು ಅಂತ ಮೊದಲು ಹೇಳಬೇಕು. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ ಇರ್ತಾನೆ, ಒಂದು ಗುಂಪು ಇರ್ತದೆ. ಇವೆರಡಕ್ಕೂ ಸೇರದವರೆಲ್ಲ ‘ಇತರರು’. ಮೂವರಿಗೂ ಬೇರೆ ಬೇರೆಯಾಗಿ ಮೂರು ಅಪ್ಪಣೆ ಬರೆದಿರ್ತದೆ: ಓದಬಹುದೋ, ಬರೆಯಬಹುದೋ, ನಡೆಸಬಹುದೋ. ಓದಲಿಕ್ಕೆ ನಾಲ್ಕು, ಬರೆಯಲಿಕ್ಕೆ ಎರಡು, ನಡೆಸಲಿಕ್ಕೆ ಒಂದು. ಕೂಡಿದರೆ ಏಳು. ಡೈರೆಕ್ಟರಿಯಾದರೆ ಆ ಒಂದು ಅಂದರೆ ಬಾಗಿಲು ದಾಟಿ ಒಳಗೆ ಹೋಗುವ ಅಪ್ಪಣೆ. ಹಾಗಾಗಿ 755 ಅಂದರೆ ಒಡೆಯನಿಗೆ ಎಲ್ಲವೂ, ಗುಂಪಿಗೂ ಇತರರಿಗೂ ನೋಡಿಕೊಂಡು ಹೋಗುವಷ್ಟು. 644 ಅಂದರೆ ಒಡೆಯ ತಿದ್ದಬಹುದು, ಮಿಕ್ಕವರು ಓದಬಹುದು. ಇವರೆಲ್ಲರ ಮೇಲೆ ರೂಟ್ ಅಂತ ಒಬ್ಬ. ಅವನ ನಂಬರು ಸೊನ್ನೆ. ಬೇರೆಯವರು ಓದಕೂಡದು ಅಂತ ಬರೆದಿಟ್ಟ ಫೈಲೂ ಅವನಿಗೆ ತೆರೀತದೆ. ಆ ರೂಟಿನ ಪಾಸ್‌ವರ್ಡು ನನ್ನ ಹತ್ರ ಮಾತ್ರ ಇತ್ತು.

ಈ ಏರ್ಪಾಡು ಇವತ್ತಿನದಲ್ಲ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು ಕಟ್ಟಿದ ಯುನಿಕ್ಸಿನಿಂದ ಬಂದದ್ದು. 1971ರ ಮೊದಲ ಕೈಪಿಡಿಯಲ್ಲೇ ಅಪ್ಪಣೆ ಬದಲಿಸುವ ಸಿಎಚ್‌ಮೋಡ್ ಅನ್ನೋ ಆಜ್ಞೆ ಇದೆ. ಆದರೆ ಆಗ ಇದ್ದವರು ಇಬ್ಬರೇ: ಒಡೆಯ, ಒಡೆಯನಲ್ಲದವರು. ಗುಂಪು ಆಮೇಲೆ ಬಂತು. ಒಬ್ಬನೇ ಮನುಷ್ಯ ಏಕಕಾಲಕ್ಕೆ ಹಲವು ಗುಂಪಿನಲ್ಲಿ ಇರಬಹುದು ಅಂತಾದದ್ದು 1983ರಲ್ಲಿ, ಬರ್ಕ್ಲಿಯವರು ಹೊರಡಿಸಿದ ಯುನಿಕ್ಸಿನಲ್ಲಿ. ಒಡೆಯ ಮತ್ತು ಮಿಕ್ಕವರು ಅನ್ನೋ ಎರಡೇ ಭಾಗದಿಂದ ಕೂಡಿ ದುಡಿಯುವವರ ಕೆಲಸ ಸಾಗದು ಅಂತ ಅವರಿಗೂ ಗೊತ್ತಾಗಿರಬೇಕು. ನನಗೆ ಗೊತ್ತಾಗಿರಲಿಲ್ಲ.

ಐವರಿಗೂ ಒಂದೊಂದು ಖಾತೆ ಮಾಡಿ ಕೊಟ್ಟಿದ್ದೆ. ಆದರೆ ಪಾಠಗಳಿದ್ದ ಡೈರೆಕ್ಟರಿ ನನ್ನ ಹೆಸರಲ್ಲಿ, 755. ಅಂದರೆ ನಾಲ್ಕು ಜನ ಒಳಗೆ ಬಂದು ನೋಡಬಹುದು, ಒಂದು ಕಾಗದವನ್ನೂ ಅಲ್ಲಿಡೋ ಹಾಗಿಲ್ಲ. ಅವರು ಪಾಠ ಬರೆದು ವಾಟ್ಸ್ಆ್ಯಪಿನಲ್ಲಿ ನನಗೆ ಕಳಿಸಬೇಕು, ನಾನು ರಾತ್ರಿ ಕೂತು ಹಾಕಬೇಕು. ಹಾಕಿದ ಫೈಲಿನ ಮೇಲೆ ಒಡೆಯ ಅಂತ ನನ್ನ ಹೆಸರು. ಕನ್ನಡದ ಮೇಡಂ ಒಬ್ಬರಿದ್ದರು, ನಮ್ಮಲ್ಲೆಲ್ಲ ಚಿಕ್ಕವರು. ಒಂದು ದಿನ ಫೋನು ಮಾಡಿ ಕೇಳಿದರು: “ಸರ್, ನಾನು ಬರೆದ ಪಾಠದಲ್ಲಿ ಒಂದು ಅಕ್ಷರ ತಪ್ಪಾಗಿದೆ. ತಿದ್ದಬೇಕು ಅಂದ್ರೂ ನಿಮ್ಮನ್ನ ಕೇಳಬೇಕಾ?”

“ನಾನೇ ತಿದ್ತೀನಿ ಬಿಡಿ ಮೇಡಂ” ಅಂದೆ. ಹಾಗಂದಾಗ ನನಗೆ ಒಳಗೊಳಗೇ ಒಂದು ಖುಷಿ ಇತ್ತು ಅನ್ನೋದನ್ನ ಇಲ್ಲಿ ಬಚ್ಚಿಡಲಾರೆ. ಎಲ್ಲರೂ ನನ್ನ ಬಾಗಿಲಿಗೇ ಬರಬೇಕು, ಕೇಳಬೇಕು... ಈ ರುಚಿ ಕೆಟ್ಟದ್ದು. ಹುಟ್ಟಿದಾಗಿನಿಂದ ಇನ್ನೊಬ್ಬರ ಬಾಗಿಲಲ್ಲಿ ನಿಂತವನಿಗೂ ಅದು ಬೇಗ ಹತ್ತಿಬಿಡ್ತದೆ.

ಆದರೆ ಕೆಲಸ ಏರ್ತಾ ಹೋಯ್ತು. ದಿನಕ್ಕೆ ಇಪ್ಪತ್ತು ಮೆಸೇಜು. ಏಪ್ರಿಲ್ ಕಡೇ ವಾರ ಒಂದು ರಾತ್ರಿ ರೇಗಿಹೋಗಿ, ಮೇಲಿಂದ ಕೆಳಗಿನವರೆಗೆ ಎಲ್ಲಕ್ಕೂ ಒಂದೇ ಆಜ್ಞೆ ಒತ್ತಿದೆ. 777. ಒಡೆಯನಿಗೆ ಏಳು, ಗುಂಪಿಗೆ ಏಳು, ಇತರರಿಗೆ ಏಳು. “ಇನ್ಮೇಲೆ ಯಾರು ಏನು ಬೇಕಾದ್ರೂ ಹಾಕ್ಕಳಿ” ಅಂತ ಗ್ರೂಪಿಗೆ ಬರೆದೆ. ನಾಲ್ವರೂ ಕೈಮುಗಿಯುವ ಚಿತ್ರ ಕಳಿಸಿದರು. ಸಮಾನತೆ ಬಂದೇಬಿಟ್ಟಿತು ಅಂದುಕೊಂಡು ಮಲಗಿದೆ.

‘ಇತರರು’ ಅಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಆ ನಾಲ್ವರೇ. ಇನ್ನೊಬ್ಬ ಇದ್ದ. ಡೆಬಿಯನ್ನಿನಲ್ಲಿ ವೆಬ್ ಸರ್ವರ್ ಪ್ರೋಗ್ರಾಮಿಗೂ ಒಂದು ಹೆಸರಿದೆ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅಂತ, ನಂಬರು 33. ಲೋಕದ ಯಾವ ಮೂಲೆಯಿಂದ ಯಾರು ಬಂದು ಬಾಗಿಲು ತಟ್ಟಿದರೂ ಒಳಗೆ ಅವರ ಪರವಾಗಿ ಓಡಾಡೋನು ಅವನೇ. ಅವನಿಗೆ ಬೇಕಾದ್ದು ಓದುವ ಅಪ್ಪಣೆ ಮಾತ್ರ. ನಾನು ಬರೆಯುವ ಅಪ್ಪಣೆಯನ್ನೂ ಕೊಟ್ಟಿದ್ದೆ.

ಮಕ್ಕಳು ಹೋಂವರ್ಕಿನ ಫೋಟೋ ಕಳಿಸಲಿ ಅಂತ ಒಂದು ಫಾರಂ ಇಟ್ಟಿದ್ದೆವು. ಬಂದದ್ದು ಫೋಟೋನೋ ಅಲ್ಲವೋ ಅಂತ ಅದು ನೋಡುತ್ತಿರಲಿಲ್ಲ. ಮೇ ತಿಂಗಳ ಒಂದು ಬೆಳಗಿನ ಜಾವ ಯಾರೋ ಅದರಲ್ಲಿ ಫೋಟೋ ಬದಲು ಪಿಎಚ್‌ಪಿ ಪ್ರೋಗ್ರಾಮು ತೂರಿಸಿದರು. ಸರ್ವರ್ ಅದನ್ನು ನಡೆಸಿತು. ಅದು 33ನೇ ನಂಬರಿನ ಹೆಸರಲ್ಲಿ ಊರೆಲ್ಲ ಸುತ್ತಿ, ಪ್ರತಿ ಪುಟದ ತಲೆಯ ಮೇಲೂ ಒಂದು ಸಾಲು ಬರೆದು ಹೋಯಿತು. ಬೆಳಿಗ್ಗೆ ಮಕ್ಕಳು ತ್ರಿಕೋನಮಿತಿ ತೆಗೆದರೆ ಜೂಜಿನ ಸೈಟು ಬಿಚ್ಚಿಕೊಳ್ತು. ತೂತು ಫಾರಂನದು, ನಿಜ. ಆದರೆ ಅಪ್ಪಣೆ ಸರಿಯಿದ್ದಿದ್ದರೆ ಅದು ಫೋಟೋ ಡೈರೆಕ್ಟರಿಯನ್ನ ಕೆಡಿಸಿ ಅಲ್ಲೇ ನಿಲ್ಲುತ್ತಿತ್ತು, ಪಾಠಗಳನ್ನ ಮುಟ್ಟಲಿಕ್ಕೆ ಆಗುತ್ತಿರಲಿಲ್ಲ. ಹರಡಿಸಿದ್ದು ನನ್ನ ಏಳುಗಳು.

ಅದಕ್ಕಿಂತ ಕೆಟ್ಟದ್ದು ಲಾಗಿನಲ್ಲಿತ್ತು. ಅರವತ್ತಮೂರು ಮಕ್ಕಳ ಹೆಸರು, ಊರು, ಮನೆಯ ಫೋನ್ ನಂಬರಿನ ಒಂದು ಪಟ್ಟಿಯನ್ನ ನಾನು ಅದೇ ಜಾಗದಲ್ಲಿ ಇಟ್ಟಿದ್ದೆ. ಅದನ್ನು ಯಾರೋ ಎರಡು ಸಲ ಎತ್ತಿಕೊಂಡಿದ್ದರು. ಒಂದೊಂದು ಮನೆಗೂ ಫೋನು ಮಾಡಿ ಹೇಳಿದೆ. ಬಹಳ ಜನಕ್ಕೆ ಅರ್ಥವಾಗಲಿಲ್ಲ, “ಆಗ್ಲಿ ಬುಡಿ ಸಾ” ಅಂದರು. ಒಬ್ಬ ತಾಯಿಗೆ ಮಾತ್ರ ಚೆನ್ನಾಗೇ ಅರ್ಥವಾಯಿತು. “ಹೆಣ್‌ಮಗ ಇರೋ ಮನೆ ಮೇಷ್ಟ್ರೆ. ನಮ್ ನಂಬರ ಕಂಡೋರ್ ಕೈಗೆ ಕೊಟ್ಬುಟ್ರಾ?” ಅಂದಳು. ನಾನು ಏನೂ ಹೇಳಲಿಲ್ಲ. ಅವಳೇ ಫೋನಿಟ್ಟಳು.

ಎಲ್ಲ ಅಳಿಸಿ ಹೊಸದಾಗಿ ಕಟ್ಟಿದೆವು. ಈ ಸಲ ‘ಪಾಠ’ ಅಂತ ಒಂದು ಗುಂಪು ಮಾಡಿ ಐವರನ್ನೂ ಸೇರಿಸಿದೆ. 33ನೇ ನಂಬರಿನವನನ್ನು ಸೇರಿಸಲಿಲ್ಲ. ಡೈರೆಕ್ಟರಿಗಳಿಗೆ 2775, ಫೈಲುಗಳಿಗೆ 664. ಮುಂದಿರುವ ಆ ಎರಡು ಏನು ಅಂದರೆ, ಆ ಡೈರೆಕ್ಟರಿಯಲ್ಲಿ ಯಾರು ಹೊಸ ಫೈಲು ಹುಟ್ಟಿಸಿದರೂ ಅದು ಹುಟ್ಟಿಸಿದವರ ಸ್ವಂತ ಗುಂಪಿಗೆ ಹೋಗದೆ ‘ಪಾಠ’ ಗುಂಪಿಗೇ ಸೇರ್ತದೆ. ಇದೊಂದು ಗೊತ್ತಿಲ್ಲದೆ ಎಷ್ಟು ಕಡೆ ಜನ 777 ಒತ್ತಿ ಕೈ ತೊಳೆದುಕೊಂಡಿದ್ದಾರೋ! ಇಷ್ಟಾದರೂ ಮೇಡಂ ಹಾಕಿದ ಫೈಲನ್ನ ಸಮಾಜದ ಮೇಷ್ಟ್ರು ತಿದ್ದಲಾಗಲಿಲ್ಲ. ಹುಡುಕಿದರೆ ಯುಮಾಸ್ಕ್ ಅಂತ ಒಂದಿದೆ, ಹೊಸ ಫೈಲಿನಿಂದ ಯಾವ ಅಪ್ಪಣೆ ಕಿತ್ತುಕೊಳ್ಳಬೇಕು ಅಂತ ಮೊದಲೇ ಬರೆದಿಟ್ಟ ಲೆಕ್ಕ. ನಮ್ಮಲ್ಲಿ ಅದು 022 ಇತ್ತು, ಗುಂಪಿನ ಕೈಯಿಂದ ಬರೆಯುವ ಅಪ್ಪಣೆಯನ್ನ ಹುಟ್ಟುವಾಗಲೇ ಕಿತ್ತುಕೊಳ್ಳುತ್ತಿತ್ತು. 002 ಮಾಡಿದೆ. ಫೈಲು ಕಳಿಸುವ ಎಸ್‌ಎಫ್‌ಟಿಪಿಗೆ ಅದನ್ನೇ ಇನ್ನೊಂದು ಸಲ ಬೇರೆಯಾಗಿ ಹೇಳಬೇಕಾಯಿತು. ಫೋಟೋ ಡೈರೆಕ್ಟರಿಯೊಂದಕ್ಕೆ ಮಾತ್ರ ಸರ್ವರ್ ಬರೆಯಬಹುದು, ಆದರೆ ಅಲ್ಲಿ ಯಾವ ಪ್ರೋಗ್ರಾಮೂ ನಡೆಯಕೂಡದು ಅಂತ ಕಟ್ಟು ಹಾಕಿದೆ. ಮಕ್ಕಳ ಪಟ್ಟಿಯನ್ನ ವೆಬ್ಬಿನ ಜಾಗದಿಂದ ಆಚೆಗೆ ಸಾಗಿಸಿ 660 ಮಾಡಿದೆ. ಇತರರಿಗೆ ಸೊನ್ನೆ.

ಇನ್ನೊಂದು ಸಂಗತಿ ಆಗ ಕಣ್ಣಿಗೆ ಬಿತ್ತು, ಹೇಳದೆ ಇರಲಾರೆ. ಕೈ ತಪ್ಪಿ ಒಂದು ಫೈಲಿಗೆ 604 ಹಾಕಿದ್ದೆ. ಒಡೆಯ ಓದಿ ಬರೆಯಬಹುದು, ಇತರರು ಓದಬಹುದು, ಗುಂಪಿಗೆ ಸೊನ್ನೆ. ಲೋಕದವರೆಲ್ಲ ಅದನ್ನು ಓದುತ್ತಿದ್ದಾರೆ, ಗುಂಪಿನ ನಾಲ್ವರಿಗೆ ಮಾತ್ರ ತೆರೆಯುತ್ತಿಲ್ಲ! ನಿಯಮ ಹಾಗಿದೆ. ನೀನು ಒಡೆಯನೋ ಅಂತ ಮೊದಲು ನೋಡ್ತದೆ, ಅಲ್ಲದಿದ್ದರೆ ಗುಂಪಿನವನೋ ಅಂತ ನೋಡ್ತದೆ. ಗುಂಪಿನವನು ಅಂತ ಗುರುತು ಸಿಕ್ಕಿತೋ, ಗುಂಪಿಗೆ ಬರೆದದ್ದೇ ನಿನಗೂ, ಮುಂದಕ್ಕೆ ಹೋಗೋದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರ ಹೋಟೆಲಿನಲ್ಲಿ ಬಸ್ಸಿಳಿದು ಬಂದ ಗುರುತಿಲ್ಲದವರೆಲ್ಲ ಒಳಗೆ ಬೆಂಚಿನ ಮೇಲೆ ಕೂತು ಟೀ ಕುಡಿಯೋರು. ನಮ್ಮಪ್ಪನ ಗುರುತು ಹೋಟೆಲಿನವನಿಗೆ ಚೆನ್ನಾಗಿತ್ತು, ಯಾವ ಕೇರಿ ಅಂತ ಗೊತ್ತಿತ್ತು. ಅದಕ್ಕೇ ಅಪ್ಪನ ಲೋಟ ಆಚೆ ಗೋಡೆಯ ಗೂಡಿನಲ್ಲಿ ಇರೋದು. 604ನ್ನ 664 ಮಾಡಿ ಎದ್ದುಹೋಗಿ ನೀರು ಕುಡಿದು ಬಂದೆ.

ಕಡೆಯ ಕೆಲಸ ರೂಟಿನದು. ಒಬ್ಬನ ಕೈಯಲ್ಲೇ ಇರೋದು ಬೇಡ ಅಂತ ಮೇಡಮ್ಮನ್ನೂ ಸುಡೋ ಗುಂಪಿಗೆ ಸೇರಿಸಿದೆ. ಆ ಗುಂಪಿನವರು ಬೇಕಾದಾಗ ರೂಟಿನ ಅಧಿಕಾರ ಉಪಯೋಗಿಸಬಹುದು. ಅವರು ಒಂದೇ ವಾರದಲ್ಲಿ ನನಗಿಂತ ಚೆನ್ನಾಗಿ ಕಲಿತರು. ನಾನಿನ್ನೂ ಎಡವುತ್ತಲೇ ಇದ್ದೆ. ನನ್ನನ್ನೇ ಇನ್ನೊಂದು ಗುಂಪಿಗೆ ಸೇರಿಸಿಕೊಳ್ಳುವಾಗ ಯೂಸರ್‌ಮಾಡ್ ಆಜ್ಞೆಯಲ್ಲಿ ‘ಎ’ ಅನ್ನೋ ಒಂದಕ್ಷರ ಬಿಟ್ಟೆ. ಆ ಅಕ್ಷರ ಇದ್ದರೆ ಹಳೇ ಗುಂಪುಗಳ ಜೊತೆಗೆ ಹೊಸದು ಸೇರ್ತದೆ, ಇಲ್ಲದಿದ್ದರೆ ಹಳೆಯವೆಲ್ಲ ಕಳಚಿಕೊಂಡು ಹೊಸದೊಂದೇ ಉಳೀತದೆ. ಮಾರನೇ ದಿನ ಲಾಗಿನ್ ಆದರೆ ನಾನು ಸುಡೋದಲ್ಲೂ ಇಲ್ಲ, ‘ಪಾಠ’ದಲ್ಲೂ ಇಲ್ಲ. ಒಡೆಯನೇ ಇತರರಲ್ಲಿ ಒಬ್ಬನಾಗಿ ನಿಂತಿದ್ದೆ. ಫೋನು ಮಾಡಿ, “ಮೇಡಂ, ನನ್ನನ್ನ ಸ್ವಲ್ಪ ಒಳಕ್ಕೆ ಸೇರಿಸಿಕೊಳ್ಳಿ” ಅಂದೆ. ಅವರು ನಕ್ಕು ಸೇರಿಸಿದರು.

ಜೂನ್ ಮೊದಲ ವಾರ ಇರಬೇಕು, ರಾತ್ರಿ ಹತ್ತೂವರೆಗೆ ಅವರದೇ ಫೋನು.

“ಸರ್, ನಿಮ್ಮ ಗಣಿತದ ಪುಟದಲ್ಲಿ ಮೂರನೇ ಲೆಕ್ಕ ತಪ್ಪಿತ್ತು. ಒಂದು ಹುಡುಗಿ ಮೆಸೇಜ್ ಮಾಡಿದ್ಲು. ನಾನೇ ತಿದ್ದಿಬಿಟ್ಟೆ. ನಿಮ್ಮನ್ನ ಕೇಳಲಿಲ್ಲ.”

ತೆಗೆದು ನೋಡಿದೆ. ತಪ್ಪೇ ಇತ್ತು.